ಪುಟ್ಟಿಗೊಂದು ಸಂಬಂಧ

ಬೆಕ್ಕು ಮಗುವಿನ ಕೈ ಕಚ್ಚಿತೆಂದು ಮನೆಯವರೆಲ್ಲ ಸೇರಿ ಬೆಕ್ಕನ್ನು ಬೈದರು. ಪಂಕಜಾಕ್ಷಿ ಒಬ್ಬಳು ಮಾತ್ರ ಮೊಮ್ಮಗಳನ್ನು ಹಿಡಿದು ನಿಲ್ಲಿಸಿ ಕೇಳಿದಳು.

“ನಿಜ ಹೇಳು ಚಿತ್ರಾ, ನೀನು ಅದಕ್ಕೆ ಎಂತ ಮಾಡಿದೆ?”

“ಏನೂ ಇಲ್ಲ ಅಜ್ಜಿ. ರಿಬ್ಬನ್ ಕಟ್ಟಲಿಕ್ಕೆ ಬಾಲ ಸ್ವಲ್ಪ ಎತ್ತಿದೆ, ಅಷ್ಟೆ.”

“ಎಳೆದೆಯಾ?”

“ಇಲ್ಲ, ಗಾಡ್ ಪ್ರಾಮಿಸ್. ಎತ್ತಿದ್ದು ಮಾತ್ರ. ಪುಟ್ಟಿ ಕಿರುಚಿತು, ಆಮೇಲೆ ಕಚ್ಚಿತು.”

ಸೊಸೆ ರಕ್ಷಿತ ಮಗುವಿನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚುತ್ತಿದ್ದಳು. ಹಲ್ಲಿನ ಗುರುತು ಬಿದ್ದಿತ್ತು, ಚರ್ಮ ಹರಿದಿರಲಿಲ್ಲ. ಅಷ್ಟಕ್ಕೇ ಕೆಳಗಿನ ಹೋಟೆಲಿನಿಂದ ಪಂಕಜಾಕ್ಷಿಯ ಗಂಡ ಮೋಹನದಾಸ ಶೆಟ್ಟಿ ಮೆಟ್ಟಿಲು ಹತ್ತಿ ಬಂದಿದ್ದ.

“ತಿಂದು ತಿಂದು ಸೊಕ್ಕು ಬಂದಿದೆ ಅದಕ್ಕೆ. ಕೂತಲ್ಲಿಗೆ ಮೀನು, ಕೂತಲ್ಲಿಗೆ ಹಾಲು. ಇನ್ನೆಂತ ಆಗ್ತದೆ?”

“ಸೊಕ್ಕು ಬಂದದ್ದು ಹಾರ್ತದೆ, ಕುಣೀತದೆ,” ಅಂದಳು ಪಂಕಜಾಕ್ಷಿ. “ಇದು ಅಟ್ಟಳಿಗೆಗೆ ಹಾರದೆ ಎಷ್ಟು ದಿನ ಆಯ್ತು, ನಿಮಗೆ ಗೊತ್ತುಂಟಾ?”

“ಅದು ದೊಡ್ಡ ಮನುಷ್ಯಳಾಗಿದೆ ಮಾರಾಯ್ತಿ. ಹಾರುದೆಲ್ಲ ಮರಿ ಇರುವಾಗ.”

ಅವನು ನಕ್ಕ. ಮಗ ಮಿಥುನನೂ ನಕ್ಕ. ಈ ಮನೆಯಲ್ಲಿ ಯಾವುದಾದರೂ ಹೆಣ್ಣು ಜೀವ ಸುಮ್ಮನೆ ಕೂತರೆ ಅದು ಸುಖವಾಗಿದೆ ಎಂದೇ ಲೆಕ್ಕ.

ಮರಾಠಿ ಸೀಮೆಯ ಆಕುರ್ಡಿಯ ದೊಡ್ಡ ರಸ್ತೆಯಲ್ಲಿ ಮೋಹನದಾಸನ ಹೋಟೆಲು ಕೆಳಗೆ, ಮನೆ ಮೇಲೆ. ಮದುವೆಯಾಗಿ ಬಂದಂದಿನಿಂದ ಪಂಕಜಾಕ್ಷಿ ಆ ಹೋಟೆಲಿನ ಒಲೆಯ ಮುಂದೆ ನಿಂತವಳು. ಮೊಣಕಾಲು ಊದಿಕೊಂಡ ಮೇಲೆ ಮೇಲಿನ ಅಡುಗೆಮನೆಗೆ ಬಂದು ಚಟ್ನಿ, ಗಸಿಗಳನ್ನು ಇಲ್ಲಿಂದಲೇ ಮಾಡಿ ಇಳಿಸುತ್ತಾಳೆ. ಪುಟ್ಟಿಯನ್ನು ತಂದವನು ಮಿಥುನ, ಹೆಂಡತಿಯ ಹುಟ್ಟುಹಬ್ಬಕ್ಕೆ. ವಾಕಡಿನಲ್ಲಿ ಜಾತಿ ಬೆಕ್ಕು ಸಾಕಿ ಮಾರುವ ಕೇದಾರ ಎಂಬವನಿಂದ. ವಿದೇಶಿ ತಳಿ, ಗುಂಡು ಮುಖ, ಕಿವಿಗಳೆರಡೂ ಮಡಚಿ ತಲೆಗೆ ಅಂಟಿಕೊಂಡಿವೆ. ನೋಡಿದವರೆಲ್ಲ ‘ಅಯ್ಯೋ ಎಷ್ಟು ಚಂದ’ ಎನ್ನುವುದು ಆ ಕಿವಿಯನ್ನೇ.

ಮೊದಲು ರಕ್ಷಿತಳ ಲ್ಯಾಪ್‌ಟಾಪಿನ ಪಕ್ಕ ಕೂತಿದ್ದ ಬೆಕ್ಕನ್ನು ಮೋಹನದಾಸನೇ ಒಂದು ಸಂಜೆ ಎತ್ತಿಕೊಂಡು ಹೋಗಿ ಗಲ್ಲಾದ ಮೇಲೆ ಕೂರಿಸಿದ. ಅದು ಅಲ್ಲಾಡಲಿಲ್ಲ. ಹಿಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಊಟ ಮುಗಿಸಿದ ಯಜಮಾನನ ಹಾಗೆ ಬೆನ್ನು ಒರಗಿಸಿ ಕೂತುಬಿಟ್ಟಿತು. ಗಿರಾಕಿಗಳು ಅದಕ್ಕೆ ‘ಸೇಠ್’ ಎಂದು ಹೆಸರಿಟ್ಟರು. ಕಾಲೇಜು ಹುಡುಗಿಯರು ಫೋಟೋ ತೆಗೆಯಲು ಬಂದವರು ಮಸಾಲೆದೋಸೆ ತಿಂದು ಹೋದರು. ಮೋಹನದಾಸನಿಗೆ ಬೆಕ್ಕಿನ ಮೇಲೆ ಪ್ರೀತಿ ಉಕ್ಕಿದ್ದು ಅಲ್ಲಿಂದ. ‘ಇಂಥ ಸಾಧು ಪ್ರಾಣಿ ನಾನು ನೋಡ್ಲಿಲ್ಲ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಪಂಕಜಾಕ್ಷಿ ನೋಡುತ್ತಿದ್ದದ್ದು ಬೇರೆ. ಮೊದಲೆಲ್ಲ ಅವಳು ಬಂಗುಡೆ ಶುಚಿಮಾಡಲು ಕೂತರೆ ಸಾಕು, ಪುಟ್ಟಿ ಒಂದೇ ನೆಗೆತಕ್ಕೆ ಕಟ್ಟೆಯ ಮೇಲೆ. ಈಗ ಕೆಳಗೇ ನಿಂತು ಮೇಲೆ ನೋಡಿ ಅಳುತ್ತದೆ. ನಡೆಯುವಾಗ ಬಿಸಿ ನೆಲಕ್ಕೆ ಕಾಲಿಟ್ಟವರ ಹಾಗೆ ಹೆಜ್ಜೆ ಎತ್ತಿಡುತ್ತದೆ. ಉಗುರು ಸವೆಯದೆ ಬೆಳೆದು ಟೈಲ್ಸಿನ ಮೇಲೆ ಟಿಕ್ ಟಿಕ್ ಎನ್ನುತ್ತದೆ. ಹೇಲಲಿಕ್ಕೆಂದು ಇಟ್ಟ ಮಣ್ಣಿನ ತಟ್ಟೆಯ ಅಂಚು ದಾಟಲಾರದೆ ಹೊರಗೇ ಹೇತರೆ, ಬೈಗುಳ ತಿನ್ನುವುದೂ ಅದೇ.

“ನನಗೆ ಕಾಣ್ತದೆ ರಕ್ಷಿತ, ಇದಕ್ಕೆ ಕಾಲು ನೋವು,” ಅಂದಳು ಅವಳು ಸೊಸೆಯ ಹತ್ತಿರ.

“ಬ್ರೀಡೇ ಹಾಗಂತೆ ಅತ್ತೆ. ಕ್ವಯಟ್ ಬ್ರೀಡ್ ಅಂತ ಕೇದಾರ್ ಹೇಳಿದ್ರಲ್ವಾ, ತಗೊಳ್ವಾಗ್ಲೇ.”

“ಮಾರುವವ ಮತ್ತೆಂತ ಹೇಳ್ತಾನೆ?”

ಅವತ್ತು ಮಧ್ಯಾಹ್ನ ಅವಳು ತನ್ನ ಮೊಣಕಾಲಿಗೆ ಹಚ್ಚುವ ಎಣ್ಣೆಯನ್ನೇ ತಂದು ಪುಟ್ಟಿಯ ಹಿಂಗಾಲಿಗೆ ನಾಲ್ಕು ಬೆರಳಲ್ಲಿ ತೀಡಿದಳು. ಹಿಮ್ಮಡಿಯ ಹತ್ತಿರ ಕೈಗೆ ಗಟ್ಟಿ ಗಂಟು ಸಿಕ್ಕಿತು. ಎರಡೂ ಕಾಲಿಗೆ, ಒಂದೇ ಜಾಗದಲ್ಲಿ.

ಆ ವಾರವೇ ಮಿಥುನ ಊಟದ ಹೊತ್ತಿಗೆ ಹೊಸ ಸುದ್ದಿ ತಂದ. ಹೋಟೆಲಿನ ಜಾಗದ ಮಾಲೀಕರ ಹೆಂಡತಿ ಗಲ್ಲಾದ ಮೇಲೆ ಪುಟ್ಟಿಯನ್ನು ನೋಡಿ ಮರುಳಾಗಿದ್ದಾರೆ, ಅವರಿಗೆ ಅಂಥದೇ ಒಂದು ಮರಿ ಬೇಕಂತೆ. ಜಾಗದ ಕರಾರು ದೀಪಾವಳಿಗೆ ಮುಗಿಯುತ್ತದೆ. ಮರಿ ಹೋದರೆ ಕರಾರೂ ಸಲೀಸಾಗಿ ಆದೀತು.

“ಕೇದಾರನ ಹತ್ತಿರ ಗಂಡು ಉಂಟು. ಇದೇ ತಳಿ, ಇದೇ ಕಿವಿ. ಮರಿಗಳಿಗೆಲ್ಲ ಕಿವಿ ಮಡಚಿಯೇ ಬರ್ತದಂತೆ,” ಅಂದ ಮಿಥುನ, ನೀರುದೋಸೆಯನ್ನು ಕೋಳಿ ಗಸಿಯಲ್ಲಿ ಅದ್ದುತ್ತ.

ಮೋಹನದಾಸ ಕೈ ತಡೆದ. “ಸಂಬಂಧ ಎಂಥದ್ದು ಅದರದ್ದು? ಅಣ್ಣ-ತಂಗಿ ಆಗ್ಲಿಕ್ಕಿಲ್ಲವಾ? ಎರಡೂ ಕೇದಾರನವೇ ಅಲ್ವಾ?”

ಬಂಟರ ಮನೆಯಲ್ಲಿ ಹುಡುಗ-ಹುಡುಗಿಯ ಮಾತು ಎತ್ತಿದರೆ ಮೊದಲು ಕೇಳುವುದು ಬಳಿ. ಬಳಿ ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ಒಂದೇ ಬಳಿಯವರೆಂದರೆ ಒಡಹುಟ್ಟಿದವರ ಲೆಕ್ಕ, ಮದುವೆಯ ಮಾತೇ ಇಲ್ಲ. ಮಿಥುನನಿಗೆ ಹೆಣ್ಣು ನೋಡುವಾಗ ಎಂಥೆಂಥ ಒಳ್ಳೆಯ ಮನೆತನಗಳನ್ನು ಈ ಒಂದು ಕಾರಣಕ್ಕೆ ಬಿಟ್ಟಿದ್ದರು. ಮೋಹನದಾಸ ಅದನ್ನೇ ಬೆಕ್ಕಿಗೂ ಹಿಡಿದ.

“ಬೆಕ್ಕಿಗೆಲ್ಲ ಬಳಿ ಉಂಟಾ ಅಜ್ಜ?” ಎಂದು ಚಿತ್ರಾ ಕೇಳಿದಳು.

“ತಾಯಿ ಇದ್ದ ಮೇಲೆ ಬಳಿ ಇರ್ಬೇಕು,” ಅಂದ ಮೋಹನದಾಸ, ಗಂಭೀರವಾಗಿಯೇ. “ಕೇದಾರನಿಗೆ ಮನೆಗೆ ಬರಲಿಕ್ಕೆ ಹೇಳು. ನಾನೇ ವಿಚಾರಿಸ್ತೇನೆ.”

ಕೇದಾರ ಬಂದ. ಗೋಳಿಬಜೆ, ಕಾಫಿ ಆಯಿತು. ಮೋಹನದಾಸ ಹೆಣ್ಣಿನ ಕಡೆಯ ಹಿರಿಯನ ಹಾಗೆ ಸೋಫಾದಲ್ಲಿ ಕೂತು ಮರಾಠಿಯಲ್ಲಿ ಒಂದೊಂದೇ ಕೇಳಿದ. ಗಂಡಿನ ತಾಯಿ ಎಲ್ಲಿಯದು? ಮುಂಬಯಿಯದು. ಪುಟ್ಟಿಯ ತಾಯಿ? ಹೈದರಾಬಾದಿನದು. ಆ ತಾಯಿಯ ತಾಯಿ? ಅದು ರಷ್ಯಾದಿಂದ ಬಂದದ್ದು. ಎಲ್ಲೂ ಒಂದಕ್ಕೊಂದು ಕೂಡುವುದಿಲ್ಲವೇ? ಇಲ್ಲ ಶೇಟ್‌ಜಿ, ಎರಡರದ್ದೂ ರಕ್ತ ಪೂರಾ ಬೇರೆ.

“ಹಾಗಾದ್ರೆ ಬಳಿ ಬೇರೆ. ಆಯ್ತು,” ಎಂದು ಮೋಹನದಾಸ ಹೆಂಡತಿಯ ಕಡೆ ತಿರುಗಿದ. ಅವನ ಮುಖದಲ್ಲಿ ಕರ್ತವ್ಯ ಮುಗಿಸಿದ ಸಮಾಧಾನ.

ಪಂಕಜಾಕ್ಷಿ ಕಾಫಿ ಲೋಟ ಎತ್ತುತ್ತ ಕೇದಾರನನ್ನೇ ಕೇಳಿದಳು: “ಇದು ಯಾಕೆ ಹತ್ತುವುದಿಲ್ಲ, ಹಾರುವುದಿಲ್ಲ?”

“ಕಾಕೂ, ಈ ಜಾತಿಯೇ ಶಾಂತ. ಜನ ಇದಕ್ಕೇ ಹುಡುಕಿಕೊಂಡು ಬರ್ತಾರೆ. ಪರದೆ ಹರಿಯೋದಿಲ್ಲ, ಸಾಮಾನು ಕೆಡವೋದಿಲ್ಲ.”

“ಕಾಲಲ್ಲಿ ಗಂಟು ಉಂಟು.”

“ಹುಟ್ಟಿನಿಂದ ಹಾಗೇ. ಮೂಳೆ ಗಟ್ಟಿ,” ಅಂದ ಕೇದಾರ ಹಲ್ಲು ಕಾಣುವಂತೆ ನಕ್ಕು. ಇನ್ನೊಂದು ಗೋಳಿಬಜೆ ಬಾಯಿಗೆ ಹಾಕಿಕೊಂಡ. ಎಂಥ ಧೈರ್ಯ ನೋಡಿ ಅವನದು! ಮನೆಯ ಹೆಂಗಸಿನ ಮುಖ ನೋಡಿ, ಅವಳ ಕೈಯ ತಿಂಡಿ ತಿನ್ನುತ್ತ, ಗಂಟನ್ನು ಗಟ್ಟಿತನ ಎಂದು ಹೇಳಿ ಹೋದ.

ಮಾರನೆಯ ದಿನ ಗಂಡಸರು ಕೆಳಗಿಳಿದ ಮೇಲೆ ಪಂಕಜಾಕ್ಷಿ ಪುಟ್ಟಿಯ ಕಾಲಿಗೆ ಮತ್ತೊಮ್ಮೆ ಎಣ್ಣೆ ತೀಡಿ, ಸೀರೆ ಬದಲಿಸಿ ಬಂದು ರಕ್ಷಿತಳ ಮೇಜಿನ ಮುಂದೆ ನಿಂತಳು.

“ಆ ಕಂಪ್ಯೂಟರ್ ಮುಚ್ಚು. ಡಾಕ್ಟರ ಹತ್ರ ಹೋಗುವ.”

“ಅತ್ತೆ, ಹನ್ನೊಂದಕ್ಕೆ ನಂಗೆ ಕಾಲ್ ಇದೆ.”

“ಕಾಲ್ ಇದಕ್ಕೂ ಉಂಟು, ನಾಲ್ಕು. ಏಳು.”

ರಕ್ಷಿತಳಿಗೆ ನಗು ಬಂತು. ನಗುತ್ತಲೇ ಪುಟ್ಟಿಯನ್ನು ಎತ್ತಿ ಬುಟ್ಟಿಗೆ ಹಾಕಿದಳು. ಹಿಂಭಾಗಕ್ಕೆ ಕೈ ಕೊಟ್ಟಾಗ ಅದು ಚೀರಿತು, ಅವಳ ನಗು ನಿಂತಿತು.

ನಿಗಡಿಯಲ್ಲಿ ಪ್ರಾಣಿಗಳ ಡಾಕ್ಟರ್ ಬಿಂದುಮಾಧವ ಅವರ ದವಾಖಾನೆ. ವಿಜಯಪುರದ ಕಡೆಯವರು, ಕನ್ನಡ ಕೇಳಿದ ಕೂಡಲೇ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆದರೆ ಬೆಕ್ಕಿನ ಕಾಲು ಹಿಡಿದು ಮೂಸಿದ್ದೇ ಅವರ ಮುಖ ಬಿಗಿಯಿತು.

“ಯಾರ್ರೀ ಇದಕ್ಕ ಎಣ್ಣಿ ಹಚ್ಚಿದವರು?”

“ನಾನೇ. ನನ್ನ ಮಂಡಿಗೆ ಹಚ್ಚುವ ಎಣ್ಣೆ. ನೋವು ಅಂತ…”

“ನೋವು ಖರೇನ ಅದ. ಆದ್ರ ಇದರಾಗ ಕರ್ಪೂರ ಇರ್ತದ್ರೀ. ಬೆಕ್ಕು ಮೈ ನೆಕ್ಕತದ, ಹೊಟ್ಯಾಗ ಹೋದ್ರ ವಿಷ. ನಮ್ಮ ಎಣ್ಣಿ, ನಮ್ಮ ಗುಳಿಗಿ ಒಂದೂ ಇದಕ್ಕ ಬ್ಯಾಡ್ರಿ. ನಾವು ಜ್ವರಕ್ಕ ನುಂಗೋ ಗುಳಿಗಿ ಅರ್ಧಾ ಕೊಟ್ರೂ ಸಾಯ್ತದ.”

ಪಂಕಜಾಕ್ಷಿ ತುಟಿ ಕಚ್ಚಿಕೊಂಡಳು. ಬೈಸಿಕೊಂಡದ್ದಕ್ಕೆ ಅವಳಿಗೆ ಬೇಸರವಾಗಲಿಲ್ಲ. ನೋವು ನಿಜ ಎಂದು ಒಬ್ಬರಾದರೂ ಹೇಳಿದರಲ್ಲ, ಅಷ್ಟು ಸಾಕಾಗಿತ್ತು.

ಎಕ್ಸ್-ರೇ ತೆಗೆದರು. ಬೆಳಕಿಗೆ ಹಿಡಿದು ತೋರಿಸಿದಾಗ ಕಲಿಯದವರಿಗೂ ಕಾಣುವಂತಿತ್ತು. ಹಿಂಗಾಲಿನ ಹಿಮ್ಮಡಿಯಲ್ಲಿ ಬಿಡಿಬಿಡಿಯಾಗಿರಬೇಕಾದ ಎಲುಬುಗಳ ಮೇಲೆ ಸುಣ್ಣ ಮೆತ್ತಿದಂತೆ ಬೆಳೆದು ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಬಾಲದ ಬುಡದ ಮಣಿಗಳೂ ಮೊಂಡಾಗಿ ದಪ್ಪಗಾಗಿದ್ದವು.

“ಇದಕ್ಕ ಕಿವಿ ಯಾಕ ಮಡಚೇದ ಅಂತ ಗೊತ್ತದೇನ್ರಿ? ಬೆಕ್ಕಿನ ಕಿವಿ ನೆಟ್ಟಗ ನಿಂದ್ರಬೇಕು. ಕಿವಿ ನಿಂದ್ರಸೂ ಮೆತ್ತನ್ನ ಎಲುಬು ಇದಕ್ಕ ಹುಟ್ಟಾನ ಕೆಟ್ಟದ. ಅದಕ್ಕ ಕಿವಿ ಬಿದ್ದದ. ಅದ ಮೆತ್ತನ್ನ ಎಲುಬು ಎಲ್ಲಾ ಕೀಲಿನ್ಯಾಗೂ ಇರ್ತದ. ಕಿವ್ಯಾಗ ಕೆಟ್ಟಿದ್ದು ಕಾಲಾಗ ಚೊಲೋ ಇರ್ತದೇನು?”

“ಅಂದ್ರೆ ಆ ಕಿವಿ…” ರಕ್ಷಿತಳ ಮಾತು ಅರ್ಧಕ್ಕೇ ನಿಂತಿತು.

“ಕಿವೀನ ರೋಗ ರೀ. ನೀವು ಫೋಟೋ ತಗೀತೀರಲ್ಲ, ಚಂದ ಅದ ಅಂತ, ಅದ.”

“ಕಾಲು ಚಾಚಿ ಕೂರ್ತದೆ ಡಾಕ್ಟ್ರೇ, ಎಲ್ಲರೂ ನಗ್ತಾರೆ,” ಅಂದಳು ಪಂಕಜಾಕ್ಷಿ.

“ಮಡಚಿದ್ರ ನೋಯ್ತದ, ಚಾಚತದ. ಇನ್ನೇನ್ ಮಾಡಬೇಕು ಪಾಪ?”

ಪಂಕಜಾಕ್ಷಿ ಗಂಡು ಬೆಕ್ಕಿನ ಸುದ್ದಿ ತೆಗೆದಳು. ಗಂಡನ ಮಾತನ್ನೇ ಒಪ್ಪಿಸಿದಳು: ತಾಯಿ ಬೇರೆ, ಊರು ಬೇರೆ, ರಕ್ತ ಬೇರೆ, ನಮ್ಮ ಲೆಕ್ಕದಲ್ಲಿ ಬಳಿ ಬೇರೆ. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ.

“ಅದರ ಕಿವಿ ಹೆಂಗದ?”

“ಇದರ ಹಾಗೆಯೇ. ಮಡಚಿದ್ದು.”

“ಹಂಗಾದ್ರ ತಾಯಿ ಬ್ಯಾರೆ ಆಗಿ ಏನ್ ಬಂತ್ರಿ? ರೋಗ ಒಂದ ಅದ. ಇವೆರಡೂ ಕೂಡಿದ್ರ ಮರಿಗೆ ಎರಡೂ ಕಡೆಯಿಂದ ಬರ್ತದ. ಅಂಥಾವ್ರಾಗ ಕೆಲವು ಒಂದು ವರ್ಷ ತುಂಬೂದ್ರಾಗ ನಡಿಯೂದ ಬಿಡತಾವ. ಒಂದು ಕಡೆ ನೆಟ್ಟನ್ನ ಕಿವಿ ಇದ್ರೂ ಅರ್ಧಾ ಮರಿಗೆ ಹತ್ತತದ. ಇದನ್ನ ಕೂಡಸೂದ ಬ್ಯಾಡ್ರಿ.”

ವಾಸಿಯಾಗುವ ಕಾಯಿಲೆಯಲ್ಲ ಎಂದರು. ನೋವು ಇಳಿಸಬಹುದು, ಅವರು ಬರೆದಷ್ಟೇ ಔಷಧಿ, ಅವರು ಹೇಳಿದಷ್ಟೇ ದಿನ. ತೂಕ ಇಳಿಯಬೇಕು. ಮಣ್ಣಿನ ತಟ್ಟೆಗೆ ಅಂಚು ಗಿಡ್ಡ ಇರಬೇಕು. ಹತ್ತಲಿಕ್ಕೆ ಇಳಿಜಾರು ಹಲಗೆ, ಮಲಗಲಿಕ್ಕೆ ಮೆತ್ತನೆಯ ಜಾಗ, ಬಾಲಕ್ಕೆ ಕೈ ಹಾಕಬಾರದು. ತೂಕ ಇಳಿದು ನೋವು ಒಂದು ಹದಕ್ಕೆ ಬಂದ ಮೇಲೆ ಮರಿಯಾಗದಂತೆ ಆಪರೇಷನ್.

ರಿಕ್ಷಾದಲ್ಲಿ ರಕ್ಷಿತ ಕಣ್ಣು ಒರೆಸಿಕೊಳ್ಳುತ್ತಿದ್ದಳು. “ನಾನೇ ರೀಲ್ಸ್ ಹಾಕಿದ್ದು ಅತ್ತೆ. ಎಷ್ಟು ಜನ ಕೇಳಿದ್ರು, ಎಲ್ಲಿ ಸಿಗುತ್ತೆ ಅಂತ.”

“ಅತ್ತು ಎಂತ ಮಾಡ್ತಿ? ಮನೆಯಲ್ಲಿ ಬಾಯಿ ಬಿಡು, ಅದು ಸಾಕು.”

ಮನೆಯಲ್ಲಿ ಬಾಯಿ ಬಿಟ್ಟದ್ದು ಮೊದಲು ಮೋಹನದಾಸ.

“ನನ್ನನ್ನು ಕೇಳದೆ ಡಾಕ್ಟರ ಹತ್ರ ಹೋದದ್ದು ಯಾಕೆ? ಅವರ ದಂಧೆಯೇ ಅದು, ಹೋದವರಿಗೆಲ್ಲ ಒಂದು ರೋಗ ಹಚ್ಚಿ ಕಳಿಸುದು. ಬಳಿ ನೋಡಿದ್ದೇನೆ ನಾನು, ಕೇದಾರನನ್ನು ಕೂರಿಸಿ ಕೇಳಿದ್ದೇನೆ.”

“ಬಳಿ ನೋಡಿದ್ರಿ, ಕಾಲು ನೋಡಿದ್ರಾ?”

“ಕಾಲಿನ ನೋವು ಯಾರಿಗಿಲ್ಲ? ನಿನಗಿಲ್ಲವಾ? ನೀನು ಮಕ್ಕಳನ್ನು ಹೆರಲಿಲ್ಲವಾ?”

ಪಂಕಜಾಕ್ಷಿ ಸೌಟು ಕೆಳಗಿಟ್ಟಳು. “ಉಂಟು. ಉಂಟು ಅಂತ ಹೇಳಿ ಹೇಳಿ ನನಗೆ ಸಾಕಾಯ್ತು. ಒಂದು ದಿನ ಯಾರಾದರೂ ನನ್ನನ್ನು ಡಾಕ್ಟರ ಹತ್ರ ಕರ್ಕೊಂಡು ಹೋದದ್ದುಂಟಾ? ವಯಸ್ಸಾಯ್ತು, ವಯಸ್ಸಾಯ್ತು ಅಂತ ನೀವು ಹೇಳ್ಲಿಕ್ಕೆ ಶುರು ಮಾಡುವಾಗ ನನಗೆ ನಲ್ವತ್ತು ದಾಟಿರ್ಲಿಲ್ಲ. ಈ ಬೆಕ್ಕು ಮೊನ್ನೆ ಮೊನ್ನೆವರೆಗೆ ಮರಿ ಇದ್ದದ್ದು, ಅದಕ್ಕೆ ಎಂತ ಹೇಳ್ತೀರಿ?”

ಮೋಹನದಾಸ ತಟ್ಟೆ ಸರಿಸಿ ಎದ್ದು ಕೆಳಗೆ ಹೋದ. ಅವತ್ತು ಅವನು ಊಟ ಮಾಡಿದ್ದು ಹೋಟೆಲಿನಲ್ಲಿ.

ಮುಂದಿನ ವಾರಗಳಲ್ಲಿ ಮನೆಯ ನೆಲವೇ ಬದಲಾಯಿತು. ತರಕಾರಿಯ ಪೆಟ್ಟಿಗೆ ಒಡೆದು ಹಲಗೆ ಮಾಡಿ, ಗೋಣಿ ಸುತ್ತಿ, ಅಡುಗೆಮನೆಯ ಕಟ್ಟೆಗೆ ಪಂಕಜಾಕ್ಷಿ ಇಳಿಜಾರು ಇಟ್ಟಳು. ಮಣ್ಣು ಹಾಕಲು ಗಿಡ್ಡ ಅಂಚಿನದೇನೂ ಸಿಗಲಿಲ್ಲವೆಂದು ಹೋಟೆಲಿನಿಂದ ಬೋಂಡಾ ಜೋಡಿಸುವ ಅಗಲ ತಟ್ಟೆಯನ್ನೇ ತರಿಸಿಕೊಂಡಳು.

“ಹೋಟೆಲಿನ ತಟ್ಟೆಯಲ್ಲಿ ಬೆಕ್ಕು ಹೇಲುದಾ!” ಎಂದು ಮೋಹನದಾಸ ಕೂಗಾಡಿದ.

“ಇನ್ನು ಆ ತಟ್ಟೆ ಹೋಟೆಲಿಗೆ ಹೋಗುದಿಲ್ಲ, ಹೆದರಬೇಡಿ. ಬೇರೆ ತೆಗೊಳ್ಳಿ.”

ಡಾಕ್ಟರು ಹೇಳಿದ್ದನ್ನು ಚಿತ್ರಾ ಕಲಿತಳು. ಬಾಲದ ಬದಲು ಕತ್ತಿನ ಕೆಳಗೆ ಕೆರೆದು ಕೊಡತೊಡಗಿದಳು. ರಕ್ಷಿತ ಹೊತ್ತುಹೊತ್ತಿಗೆ ಔಷಧಿ ಹಾಕಿದಳು. ತೂಕ ಮಾತ್ರ ಇಳಿಯಲೊಲ್ಲದು. ಯಾಕೆಂದು ಪಂಕಜಾಕ್ಷಿಗೆ ಅರ್ಥವಾಗಲಿಲ್ಲ. ಒಂದು ಸಂಜೆ ಕೆಳಗಿಳಿದು ಹೋದರೆ ಗಲ್ಲಾದ ಹಿಂದೆ ಮೋಹನದಾಸ ದೋಸೆಯ ಬೆಣ್ಣೆಯನ್ನು ಬೆರಳಲ್ಲಿ ತೆಗೆದು ಪುಟ್ಟಿಗೆ ನೆಕ್ಕಿಸುತ್ತಿದ್ದ.

“ಎಂತ ಮಾಡ್ತಿದ್ದೀರಿ?”

“ಪಾಪ, ಕೇಳ್ತದೆ ಅದು,” ಅಂದ ಅವನು, ಸಿಕ್ಕಿಬಿದ್ದ ಮಗುವಿನ ಹಾಗೆ ಬೆರಳನ್ನು ಹಿಂದಕ್ಕೆ ಮಾಡಿ.

“ಅದರ ಕಾಲು ಹೊರುವುದು ನಿಮ್ಮ ಬೆಣ್ಣೆಯನ್ನು. ಇವತ್ತಿನಿಂದ ಇದು ಗಲ್ಲಾಕ್ಕೆ ಬರುದಿಲ್ಲ.”

“ಗಿರಾಕಿಗಳು ಕೇಳ್ತಾರಲ್ಲ!”

“ಸೇಠ್ ರಜೆಯಲ್ಲಿದ್ದಾರೆ ಅಂತ ಹೇಳಿ.”

ಆಮೇಲೆ ತೂಕ ಇಳಿಯಿತು. ಔಷಧಿಯೂ ಹಿಡಿಯಿತು. ಒಂದು ಬೆಳಿಗ್ಗೆ ಪಂಕಜಾಕ್ಷಿ ಬಂಗುಡೆ ಬಿಡಿಸುತ್ತಿದ್ದಾಗ ಪುಟ್ಟಿ ಗೋಣಿಯ ಹಲಗೆಯನ್ನು ಮೆಲ್ಲಗೆ ಹತ್ತಿ, ಕಟ್ಟೆಯ ಮೇಲೆ ಬಂದು, ಅವಳ ಮೊಣಕೈಗೆ ತಲೆ ಒರಸಿತು. ಅವಳು ಖುಷಿಗೆ ಎಲ್ಲರನ್ನೂ ಕೂಗಿ ಕರೆದಳು. ಆ ಖುಷಿಯೇ ತಪ್ಪಾಯಿತು.

“ನೋಡು, ಗುಣ ಆಯ್ತಲ್ಲ,” ಅಂದ ಮಿಥುನ. “ಇನ್ನು ತೊಂದರೆ ಇಲ್ಲ. ಭಾನುವಾರ ಕೇದಾರನಿಗೆ ಬರಲಿಕ್ಕೆ ಹೇಳ್ತೇನೆ.”

“ಗುಣ ಆಗುವುದಲ್ಲ ಅಂತ ಡಾಕ್ಟ್ರು ಹೇಳಿದ್ದು!”

“ಹತ್ತಿತಲ್ಲ ಅಮ್ಮ, ಕಣ್ಣಾರೆ ಕಂಡೆಯಲ್ಲ. ಒಂದೇ ಒಂದು ಸಲ. ಆಮೇಲೆ ನಿನ್ನ ಆಪರೇಷನ್ ಮಾಡಿಸು. ಮಾಲೀಕರಿಗೆ ಮಾತು ಕೊಟ್ಟಾಗಿದೆ, ಕೇದಾರನೂ ಅವರ ಹತ್ರ ಮಾತಾಡಿದ್ದಾನೆ.”

ಆರೈಕೆ ಮಾಡಿ ನೋವು ಇಳಿಸಿದರೆ, ಇಳಿದ ನೋವನ್ನೇ ಹಿಡಿದು ಹೆರಲಿಕ್ಕೆ ಕಳಿಸುವ ಲೆಕ್ಕ! ಪಂಕಜಾಕ್ಷಿಯ ಕೈಯಲ್ಲಿ ಮೀನಿನ ಕತ್ತಿ ಇತ್ತು. ಅವಳು ಅದನ್ನು ತೊಳೆದು, ಒರೆಸಿ, ಜಾಗದಲ್ಲಿಟ್ಟು ಬಂದಳು.

“ಬರಲಿ ಅವನು,” ಅಂದಳು.

ಭಾನುವಾರ ಕೇದಾರ ಬಂದ. ಕೈಯಲ್ಲಿ ಜಾಲರಿಯ ಬುಟ್ಟಿ, ಒಳಗೆ ಬೂದು ಬಣ್ಣದ ದಪ್ಪ ಗಂಡು. ಮೋಹನದಾಸ, ಮಿಥುನ ಇಬ್ಬರೂ ಹಾಲಿನಲ್ಲಿದ್ದರು. ಕೆಳಗೆ ಹೋಟೆಲಿನಲ್ಲಿ ರಜಾದಿನದ ಗದ್ದಲ, ಜನ ರಸ್ತೆಯವರೆಗೆ ಸರದಿ ನಿಂತಿದ್ದರು.

“ಹೆಣ್ಣು ಎಲ್ಲಿ?” ಅಂದ ಕೇದಾರ.

ರಕ್ಷಿತ ಕೋಣೆಯ ಬಾಗಿಲು ಎಳೆದುಕೊಂಡು ಅದರ ಮುಂದೆ ನಿಂತಳು. “ಪುಟ್ಟಿ ನನ್ನದು. ಬರ್ತ್‌ಡೇಗೆ ನಂಗೆ ಕೊಟ್ಟಿದ್ದು ಅಲ್ವಾ ಮಿಥುನ್? ಹಾಗಾದ್ರೆ ಕೇಳ್ಬೇಕಾಗಿದ್ದು ನನ್ನನ್ನ. ನಾನು ಒಪ್ಪಲ್ಲ.”

“ರಕ್ಷಿ, ಹೊರಗಿನವರ ಎದುರು ಎಂತ ಇದು…”

“ಹೊರಗಿನವರು ಮನೆಯೊಳಗೆ ಬಂದು ಕೇಳ್ತಿದ್ದಾರಲ್ಲ, ಅದಕ್ಕೆ.”

ಮೋಹನದಾಸ ಕೈ ಎತ್ತಿದ. “ಗಲಾಟೆ ಬೇಡ. ಎಲ್ಲ ವಿಚಾರಿಸಿ ಆದದ್ದು. ಒಳ್ಳೆ ಕಡೆಯ ಗಂಡು.”

“ಒಳ್ಳೆ ಕಡೆಯದ್ದಾ?” ಪಂಕಜಾಕ್ಷಿ ಮುಂದೆ ಬಂದಳು. “ಮಿಥುನನಿಗೆ ಹೆಣ್ಣು ನೋಡುವಾಗ ಹುಡುಗಿ ನಡ್ಕೊಂಡು ಬಂದು ಕಾಫಿ ಕೊಟ್ಟಿದ್ದಳು. ಇದು ನಡೆಯುದನ್ನು ನಾವು ನೋಡ್ಲೇ ಇಲ್ಲ. ಕೇದಾರ, ಬುಟ್ಟಿ ತೆಗೆ. ನೆಲಕ್ಕೆ ಬಿಡು.”

“ಹೊಸ ಜಾಗ ಕಾಕೂ, ಹೆದರ್ತದೆ.”

“ಸಂಸಾರ ಮಾಡಲಿಕ್ಕೆ ಬಂದದ್ದಕ್ಕೆ ನಡೆಯಲಿಕ್ಕೆ ಹೆದರಿಕೆಯಾ? ತೆಗೆ.”

ಅವನು ತೆಗೆಯಲಿಲ್ಲ. ಅವಳೇ ಬಗ್ಗಿ ಕೊಂಡಿ ತೆಗೆದಳು, ಬಗ್ಗುವಾಗ ಮೊಣಕಾಲು ಕಟಕಟ ಎಂದದ್ದು ಹಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. ಗಂಡು ಹೊರಬಂತು. ಎರಡು ಹೆಜ್ಜೆ ಇಟ್ಟಿತು. ಹಿಂಗಾಲು ಮಡಚುತ್ತಲೇ ಇರಲಿಲ್ಲ; ಎರಡು ಕೋಲುಗಳನ್ನು ಎಳೆದುಕೊಂಡು ಬಂದಂತೆ ಬಂತು. ಚಿತ್ರಾ ಸೋಫಾದ ಮೇಲೆ ಕರಿದ ಮೀನಿನ ಚೂರು ಇಟ್ಟು ‘ಬಾ ಬಾ’ ಎಂದಳು. ಅದು ಸೋಫಾದ ಬುಡದವರೆಗೆ ಬಂದು, ಮೂಗು ಮೇಲೆತ್ತಿ ವಾಸನೆ ನೋಡಿತು, ಮುಂಗಾಲನ್ನು ಅಂಚಿಗಿಟ್ಟಿತು, ಹಾರಲಾಗದೆ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತಿತು. ಕೂತು ಸಣ್ಣಗೆ ಅತ್ತಿತು.

ಯಾರೂ ನಗಲಿಲ್ಲ.

“ಇವರೇ,” ಅಂದಳು ಪಂಕಜಾಕ್ಷಿ ಗಂಡನಿಗೆ, ದನಿ ಏರಿಸದೆ. “ನಿಮ್ಮ ಹೋಟೆಲಿನಲ್ಲಿ ಹಳಸಿದ ಸಾಂಬಾರು ಇಷ್ಟು ವರ್ಷದಲ್ಲಿ ಒಂದು ದಿನ ಹೊರಗೆ ಹೋಗ್ಲಿಲ್ಲ. ಮೂಸಿ ನೋಡಿ ಕೊಪ್ಪರಿಗೆ ಕೊಪ್ಪರಿಗೆ ಚೆಲ್ಲಿದ್ದೀರಿ, ನಾನು ನೋಡಿದ್ದೇನೆ. ಈಗ ನೋಡಿದ್ರಲ್ಲ? ಹಾಳಾದದ್ದು ಅಂತ ಗೊತ್ತಾಯ್ತಲ್ಲ? ಇದನ್ನು ಮಾಲೀಕರ ಮನೆಗೆ ಬಡಿಸ್ತೀರಾ?”

ಮೋಹನದಾಸ ಬೆಕ್ಕನ್ನು ನೋಡಿದ. ಆಮೇಲೆ ಸೋಫಾದ ಮೇಲಿನ ಮೀನಿನ ಚೂರನ್ನು ತೆಗೆದು, ಕುಕ್ಕರಗಾಲಲ್ಲಿ ಕೂತು, ಅದರ ಬಾಯಿಯ ಹತ್ತಿರ ಇಟ್ಟ.

“ಕೇದಾರ,” ಅಂದ ಮರಾಠಿಯಲ್ಲಿ, “ನಾನು ತಾಯಿಯ ಊರು ಕೇಳಿದೆ. ಅದರ ಕಾಲಿನ ಸುದ್ದಿ ನೀನು ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ ಶೇಟ್‌ಜಿ.”

“ಎದ್ದು ಹೋಗು ನನ್ನ ಮನೆಯಿಂದ.”

ಕೇದಾರನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಗಂಡನ್ನು ಎತ್ತಿ ಬುಟ್ಟಿಗೆ ಹಾಕಿ ಗಡಿಯಾರ ನೋಡಿಕೊಂಡ. “ಪರವಾಗಿಲ್ಲ. ಮಧ್ಯಾಹ್ನ ಇದಕ್ಕೆ ದೇಹೂ ರೋಡಿನಲ್ಲಿ ಇನ್ನೊಂದು ಮನೆ ಇದೆ.” ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದ.

“ಮಾಲೀಕರಿಗೆ ಎಂತ ಹೇಳುದು ಈಗ?” ಅಂದ ಮಿಥುನ. ಅವನ ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

“ನಾನು ಹೇಳ್ತೇನೆ.” ಮೋಹನದಾಸ ಅಲ್ಲೇ ನಿಂತು ಫೋನು ಹಚ್ಚಿದ. ಮಾಲೀಕರ ಹೆಂಡತಿಯೇ ಎತ್ತಿದರು. ಬೆಕ್ಕಿಗೆ ಹುಟ್ಟಿನಿಂದ ಕೀಲಿನ ರೋಗ, ಮರಿಗಳಿಗೂ ಬರುತ್ತದೆ, ಮರಿ ಮಾಡಿಸುವುದಿಲ್ಲ, ಕ್ಷಮಿಸಿ ಎಂದು ಬಿಡಿಸಿ ಹೇಳಿದ. ಆ ಕಡೆಯಿಂದ ಬಂದ ಉತ್ತರ ಹಾಲಿನಲ್ಲಿದ್ದವರಿಗೆಲ್ಲ ಕೇಳಿತು. ಅಯ್ಯೋ, ಅದಕ್ಕೇನು ಶೆಟ್ಟಿಯವರೇ, ಕೇದಾರ ಈಗಷ್ಟೇ ಮೆಸೇಜು ಮಾಡಿದ, ನಿಮ್ಮಲ್ಲಿ ಆಗದಿದ್ದರೆ ದೇಹೂ ರೋಡಿನ ಮರಿ ಕೊಡುತ್ತಾನಂತೆ. ಅದೇ ಕಿವಿಯದಂತೆ. ನಾನು ಹೂಂ ಅಂದೆ.

ಪಂಕಜಾಕ್ಷಿ ಬಾಲ್ಕನಿಗೆ ನಡೆದಳು. ನಡೆದಳೆಂದರೆ ಏನು, ಗೋಡೆ ಹಿಡಿದು, ಮೇಜು ಹಿಡಿದು, ಆದಷ್ಟು ಬೇಗ ಹೋದಳು. ಕೆಳಗೆ ಕೇದಾರ ಬುಟ್ಟಿಯನ್ನು ಸ್ಕೂಟರಿನ ಮುಂದೆ ಇಟ್ಟು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ. ಸುತ್ತ ಸರದಿಯಲ್ಲಿ ನಿಂತ ಗಿರಾಕಿಗಳು ಬುಟ್ಟಿಯೊಳಗೆ ಇಣುಕಿ ‘ಕಿತೀ ಗೋಡ್, ಎಷ್ಟು ಮುದ್ದು!’ ಎನ್ನುತ್ತಿದ್ದರು. ಒಬ್ಬಳು ಹುಡುಗಿ ಆಗಲೇ ಫೋನು ತೆಗೆದಿದ್ದಳು.

ಇಷ್ಟು ವರ್ಷ ಆ ಮನೆಯ ಯಾವ ಜಗಳವೂ ಮೆಟ್ಟಿಲಿಳಿದು ಹೋಟೆಲಿನವರೆಗೆ ಹೋಗಿರಲಿಲ್ಲ. ಪಂಕಜಾಕ್ಷಿ ಕಂಬಿ ಹಿಡಿದು, ಒಲೆಯ ಮುಂದೆ ನಿಂತು ಪಳಗಿದ ಗಂಟಲನ್ನೆಲ್ಲ ಬಿಟ್ಟು ಮರಾಠಿಯಲ್ಲಿ ಕೂಗಿದಳು.

“ಓ ಕೇದಾರ, ನಿಲ್ಲು! ಕೇಳಿ ಎಲ್ಲರೂ! ಆ ಬುಟ್ಟಿಯಲ್ಲಿರುವ ಬೆಕ್ಕಿಗೆ ನಡೆಯಲಿಕ್ಕೆ ಬರುವುದಿಲ್ಲ! ಮಡಚಿದ ಕಿವಿ ಚಂದವಲ್ಲ, ರೋಗ! ಇವನು ಅದನ್ನು ಮನೆ ಮನೆಗೆ ಹೊತ್ತು ಕುಂಟು ಮರಿ ಮಾಡಿಸಿ ಮಾರುತ್ತಾನೆ! ಯಾರೂ ಕೊಳ್ಳಬೇಡಿ!”

ರಸ್ತೆಯಲ್ಲಿ ಮುಖಗಳೆಲ್ಲ ಮೇಲೆದ್ದವು. ಫೋನು ಹಿಡಿದ ಹುಡುಗಿ ಫೋನನ್ನು ಕೇದಾರನ ಕಡೆ ತಿರುಗಿಸಿದಳು. ಅವನು ಸ್ಕೂಟರು ಶುರುಮಾಡಲು ತಡಬಡಿಸಿದ.

ಹಿಂದೆ ಹೆಜ್ಜೆಯ ಸದ್ದಾಯಿತು. ಮೋಹನದಾಸ ಬಂದು ತನ್ನನ್ನು ಒಳಗೆ ಎಳೆಯುತ್ತಾನೆಂದೇ ಅವಳು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವನು ಪಕ್ಕದಲ್ಲಿ ನಿಂತು, ಬಗ್ಗಿ, ತನ್ನ ಹೋಟೆಲಿನ ಬಾಗಿಲ ಕಡೆ ನೋಡಿದ.

“ಒಳಗೆ ಕೂತವರಿಗೆ ಕೇಳ್ಲಿಲ್ಲ,” ಅಂದ. “ಇನ್ನೊಮ್ಮೆ ಹೇಳು. ಸ್ವಲ್ಪ ಜೋರಾಗಿ.”